ಮಗಳ ರಕ್ತದಲ್ಲಿ ಸೀಸ 14 ಬಂದಿದೆ, ಟೆರೇಸ್ ಗಾರ್ಡನ್ ಮಣ್ಣಿಂದ ಇರಬಹುದಾ?

ತುಳಸಿಕಟ್ಟೆ

ಎಲ್ರಿಗೂ ನಮಸ್ಕಾರ. ಇಷ್ಟ್ ದಿನ ಸುಮ್ನೆ ಓದ್ಕೊಂಡ್ ಹೋಗ್ತಿದ್ದೆ, ಬರೀತಿರೋದು ಇದೇ ಮೊದಲು, ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳಿ. ನಾವಿರೋದು ಬೆಂಗಳೂರು, ಚಾಮರಾಜಪೇಟೆ ಕಡೆ ಹಳೇ ಮನೆ, ಕೆಳಗಡೆ ಬಾಡಿಗೆಗೆ ಇದೀವಿ. ಮಗಳಿಗೆ 2 ವರ್ಷ 4 ತಿಂಗಳು. ಮೂರ್ನಾಕು ತಿಂಗಳಿಂದ ಮಣ್ಣು ತಿನ್ನೋದು ಕಲ್ತಿದಾಳೆ, ಕಣ್ತಪ್ಪಿಸಿದ್ರೆ ಸಾಕು ಬೆರಳು ಮಣ್ಣಲ್ಲಿ, ಆಮೇಲೆ ಬಾಯಲ್ಲಿ. ನಮ್ಮತ್ತೆ ಕೃಷ್ಣಾನೂ ಮಣ್ಣು ತಿಂದಿದ್ದ ಬಿಡಮ್ಮ ಅಂತ ನಗ್ತಾರೆ. ಊಟ ಸರಿಯಾಗಿ ಸೇರ್ತಿಲ್ಲ, ಎರಡು ದಿನಕ್ಕೊಂದ್ಸಲ ಕಕ್ಕ ಮಾಡ್ತಾಳೆ, ಸುಮ್ಸುಮ್ನೆ ಹಠ. ಡಾಕ್ಟ್ರು ಹಿಮೋಗ್ಲೋಬಿನ್ ಚೆಕ್ ಮಾಡಿಸಿದ್ರು, 9.1. ಮಣ್ಣು ತಿಂತಾಳೆ ಅಂದಿದ್ದಕ್ಕೆ ಲೆಡ್ಡೂ ನೋಡೋಣ ಅಂತ ಬರೆದ್ರು. ಅದು 14 ಬಂದಿದೆ. ಐರನ್ ಸಿರಪ್ ಕೊಟ್ಟು, ಎಲ್ಲಿಂದ ಬರ್ತಿದೆ ಅಂತ ನೀವೇ ಹುಡುಕಬೇಕಮ್ಮ ಅಂದ್ರು.

ನನ್ನ ಡೌಟು ಟೆರೇಸ್ ಮೇಲೆ. ಮೂವತ್ತು ಗ್ರೋ ಬ್ಯಾಗ್ ಇದೆ, ಸೊಪ್ಪು, ಟೊಮೇಟೊ, ಮೂಲಂಗಿ ಎಲ್ಲಾ ಅದರದ್ದೇ ತಿನ್ನೋದು. ಎರಡು ವರ್ಷದ ಹಿಂದೆ ಟೆಂಪೋದವನೊಬ್ಬ ಕೆರೆ ಗೋಡು ಅಂತ ಮಣ್ಣು ತಂದು ಹಾಕಿದ್ದ, ಒಳ್ಳೆ ಕಪ್ಪಗೆ ಚೆನ್ನಾಗಿತ್ತು. ನಮ್ಮನೆಯವ್ರು ಎಲ್ಲಾ ಬ್ಯಾಗೂ ಎಸಿ ಅಂತಿದಾರೆ. ಎರಡು ವರ್ಷ ಕೈಯಾರೆ ಬೆಳೆಸಿದ್ದು. ಅದಕ್ಕಿಂತ ಹೆಚ್ಚಾಗಿ, ಮಗುಗೆ ವಿಷ ಇಲ್ಲದ್ದು ತಿನ್ಸೋಣ ಅಂತ ತಾನೇ ಮಾಡಿದ್ದು. ಯಾರಿಗಾದ್ರೂ ಗೊತ್ತಿದ್ರೆ ಹೇಳಿ ಪ್ಲೀಸ್, ರಾತ್ರಿ ನಿದ್ದೆ ಬರ್ತಿಲ್ಲ.

ಲ್ಯಾಬ್ ಮೇಡಂ

ಮೊದಲು ಗಾಬರಿ ಬಿಡಿ ಸಿಸ್ಟರ್. ಒಂದು ಪ್ರಶ್ನೆ, ರಕ್ತ ಬೆರಳು ಚುಚ್ಚಿ ತಗೊಂಡ್ರಾ ಇಲ್ಲ ಕೈ ನರದಿಂದ ತಗೊಂಡ್ರಾ? ಬೆರಳಾದ್ರೆ ಇನ್ನೊಂದ್ಸಲ ನರದಿಂದ ಮಾಡಿಸಲೇಬೇಕು. ಮಣ್ಣಾಡಿ ಬಂದ ಮಗುವಿನ ಬೆರಳ ತುದೀಲಿ ಧೂಳು ಅಂಟಿರುತ್ತೆ, ಸ್ಪಿರಿಟ್ ಹತ್ತಿ ಒಂದ್ಸಲ ಸವರಿದ್ರೆ ಎಲ್ಲಾ ಹೋಗಲ್ಲ, ಆ ಧೂಳಿನ ಸೀಸನೇ ಸ್ಯಾಂಪಲ್ ಜೊತೆ ಸೇರಿ ರಿಪೋರ್ಟ್ ಜಾಸ್ತಿ ತೋರ್ಸುತ್ತೆ. ದಿನಾ ನೋಡ್ತೀವಿ.

ನಂಬರ್ ಬಗ್ಗೆ ಹೇಳ್ಬೇಕಂದ್ರೆ, 14 ಅಂದ್ರೆ ಡೆಸಿಲೀಟರ್‌ಗೆ 14 ಮೈಕ್ರೋಗ್ರಾಂ. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿಯವ್ರು ಮೊದಲು 10 ದಾಟಿದ್ರೆ ಮಾತ್ರ ತಲೆ ಕೆಡಿಸ್ಕೊಳ್ತಿದ್ರು, 2012ರಲ್ಲಿ ಅದನ್ನ 5 ಮಾಡಿದ್ರು, 2021ರಲ್ಲಿ 3.5ಕ್ಕೆ ಇಳಿಸಿದ್ರು. ಇಷ್ಟಿದ್ರೆ ಸೇಫ್ ಅನ್ನೋ ಮಟ್ಟ ಇಲ್ಲವೇ ಇಲ್ಲ ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಹಂಗಂತ ಆಸ್ಪತ್ರೆಗೆ ಸೇರಿಸಿ ಸೀಸ ಹೊರಗೆ ತೆಗೆಯೋ ಔಷಧಿ ಕೊಡೋದು ಸಾಮಾನ್ಯವಾಗಿ 45 ದಾಟಿದ ಮೇಲೆ. ನಿಮ್ಮ ಲೆವೆಲ್‌ಗೆ ಚಿಕಿತ್ಸೆ ಅಂದ್ರೆ ಡಾಕ್ಟ್ರು ಹೇಳಿದ್ದೇ, ಎಲ್ಲಿಂದ ಬರ್ತಿದೆಯೋ ಅದನ್ನ ನಿಲ್ಸೋದು, ಐರನ್ನು, ಕ್ಯಾಲ್ಸಿಯಂ ಸರಿ ಮಾಡೋದು. ಕಬ್ಬಿಣದಂಶ ಕಮ್ಮಿ ಇದ್ರೆ ಕರುಳು ಸೀಸಾನ ಇನ್ನೂ ಜಾಸ್ತಿ ಎಳ್ಕೊಳ್ಳುತ್ತೆ, ಮೇಲಾಗಿ ಕಬ್ಬಿಣ ಕಮ್ಮಿ ಆದ ಮಕ್ಕಳಿಗೇ ಮಣ್ಣು ತಿನ್ನೋ ಆಸೆನೂ ಜಾಸ್ತಿ. ಎರಡೂ ಕಡೆಯಿಂದ ಹೊಡೆತ.

ತುಳಸಿಕಟ್ಟೆ

ಬೆರಳು ಚುಚ್ಚಿದ್ದು ಮೇಡಂ. ನಾಳೆನೇ ನರದಿಂದ ಮಾಡಿಸ್ತೀನಿ. ಥ್ಯಾಂಕ್ಸ್.

ತಾರಸಿ ತೋಟಗಾರ

ದಯವಿಟ್ಟು ಬ್ಯಾಗ್ ಎಸೀಬೇಡಿ ಮೇಡಂ, ಟೆಸ್ಟ್ ಮಾಡಿಸದೆ ಎಸೆಯೋದ್ರಲ್ಲಿ ಅರ್ಥ ಇಲ್ಲ. ಹನ್ನೊಂದು ವರ್ಷದಿಂದ ಟೆರೇಸ್ ಮಾಡ್ತಿದೀನಿ, ನನಗೆ ತಿಳಿದಷ್ಟು ಹೇಳ್ತೀನಿ. ಸೀಸ ಬೇರಿಂದ ಗಿಡಕ್ಕೆ ಅಷ್ಟು ಸುಲಭವಾಗಿ ಹತ್ತಲ್ಲ, ಅದರಲ್ಲೂ ಕಾಂಪೋಸ್ಟ್ ಚೆನ್ನಾಗಿ ಬಿದ್ದ ಮಣ್ಣಲ್ಲಿ, ಹುಳಿ ಇಲ್ಲದ ಮಣ್ಣಲ್ಲಿ ಅದು ಗಟ್ಟಿಯಾಗಿ ಕೂತುಬಿಡುತ್ತೆ. ಟೊಮೇಟೊ, ಬದನೆ, ಬೆಂಡೆಕಾಯಿ ಥರ ಕಾಯಿಗಳಿಗಂತೂ ಸೇರೋದು ತುಂಬಾ ಕಮ್ಮಿ. ಸೊಪ್ಪಲ್ಲಿ ಸೀಸ ಸಿಕ್ತು ಅಂದ್ರೆ ಎಷ್ಟೋ ಸಲ ಅದು ಎಲೆ ಒಳಗಿಂದಲ್ಲ, ಎಲೆ ಮೇಲೆ ಅಂಟಿರೋ ಧೂಳಿಂದು. ಮೂರು ನೀರಲ್ಲಿ ತೊಳೀರಿ. ಮೂಲಂಗಿ, ಕ್ಯಾರೆಟ್ ಸಿಪ್ಪೆ ಹೆರೆದು ಹಾಕಿ.

ಕ್ಯಾಡ್ಮಿಯಂ ಅನ್ನೋ ಇನ್ನೊಂದು ವಿಷಲೋಹದ್ದು ಮಾತ್ರ ಬೇರೆ ಕಥೆ, ಅದು ಪಾಲಕ್ ಸೊಪ್ಪಿಗೆ ಬೇರಿಂದಲೇ ಸಲೀಸಾಗಿ ಏರುತ್ತೆ, ತೊಳೆದ್ರೆ ಹೋಗಲ್ಲ. ಹಂಗಾಗಿ ಕೆರೆ ಗೋಡು ಅಂದಿದ್ದು ಕೇಳಿ ನನಗೂ ಸ್ವಲ್ಪ ಇರಿಸುಮುರಿಸು ಆಯ್ತು. ಯಾವ ಕೆರೆ? ಹಳ್ಳಿ ಕೆರೆ ಗೋಡು ಹೊಲಕ್ಕೆ ಹೊಡೆಯೋದು ನಮ್ಮಜ್ಜನ ಕಾಲದಿಂದ ಇದೆ, ಅದಕ್ಕಿಂತ ಒಳ್ಳೆ ಗೊಬ್ಬರ ಇಲ್ಲ. ಆದ್ರೆ ಬೆಂಗಳೂರಿನ ಒಳಗಿನ ಕೆರೆ ಹೂಳು ಅಂದ್ರೆ ಊರಿನ ಮೋರಿ ಜೊತೆ ಫ್ಯಾಕ್ಟರಿ ನೀರೂ ಹತ್ತಾರು ವರ್ಷ ತಳಕ್ಕೆ ಇಳಿದು ಕೂತಿರೋದು. ಬೆಳ್ಳಂದೂರು ಕೆರೆಗೆ 2017ರ ಫೆಬ್ರವರೀಲಿ ಬೆಂಕಿ ಬಿದ್ದಿದ್ದು ನೆನಪಿರಬೇಕಲ್ಲ. ಅಂಥ ಕಡೆಯ ಹೂಳಾದ್ರೆ ನಾನಂತೂ ಗುಲಾಬಿ ಗಿಡಕ್ಕೆ ಬಿಟ್ರೆ ಬೇರೆ ಯಾವುದಕ್ಕೂ ಹಾಕಲ್ಲ.

ಹಳೇ ಬಸವನಗುಡಿ

ಏನೋಪ್ಪ, ಈಗಿನವರಿಗೆ ಎಲ್ಲದಕ್ಕೂ ಟೆಸ್ಟು. ನಾವು 80ರ ದಶಕದಲ್ಲಿ ಗಾಂಧಿ ಬಜಾರ್‌ನಲ್ಲಿ ಬರಿಗಾಲಲ್ಲಿ ಗೋಲಿ ಆಡ್ಕೊಂಡು, ಸ್ಕೂಟರ್ ಹೊಗೆ ಕುಡ್ಕೊಂಡು, ಕೈ ತೊಳೀದೆ ಕಡಲೇಕಾಯಿ ತಿನ್ಕೊಂಡು ಬೆಳೆದವರು. ಏನಾಗಿದೆ ನಮಗೆ? ಎಲ್ಲಾ ಓದಿ ನೌಕರಿ ಮಾಡಿ ರಿಟೈರ್ಡ್ ಆಗಿದೀವಿ. ಮಕ್ಕಳು ಮಣ್ಣಾಡಿದ್ರೆನೇ ಗಟ್ಟಿ ಆಗೋದು. ತಾಯಿ ಸುಮ್ನೆ ಟೆನ್ಷನ್ ಮಾಡ್ಕೋಬೇಡಿ.

ಕೆಮಿಸ್ಟ್ರಿ ಮೇಷ್ಟ್ರು

ಬಸವನಗುಡಿಯವರೇ, ನಾನೂ ಅದೇ ಕಾಲದವನು, ಅದೇ ಗೋಲಿ ಆಡಿದವನು, ಹಾಗಾಗಿ ಬೇಜಾರು ಮಾಡ್ಕೋಬೇಡಿ. ನೀವು ಹೇಳಿದ ಆ ಸ್ಕೂಟರ್ ಹೊಗೆಯಲ್ಲೇ ಇರೋದು ಮುಖ್ಯ ವಿಷಯ. ಆಗಿನ ಪೆಟ್ರೋಲಿಗೆ ಎಂಜಿನ್ ನಾಕ್ ಆಗದಿರಲಿ ಅಂತ ಸೀಸದ ಸಂಯುಕ್ತ ಬೆರೆಸ್ತಿದ್ರು. ನಮ್ಮ ದೇಶದಲ್ಲಿ ಸೀಸ ಇಲ್ಲದ ಪೆಟ್ರೋಲ್ 1995ರಲ್ಲಿ ದೊಡ್ಡ ಮೆಟ್ರೋಗಳಲ್ಲಿ ಶುರುವಾಯ್ತು, ಇಡೀ ದೇಶಕ್ಕೆ ಕಡ್ಡಾಯ ಆಗಿದ್ದು 2000ದ ಫೆಬ್ರವರಿ 1ರಿಂದ. ಅಲ್ಲಿವರೆಗೆ ಹೊಗೆಯಿಂದ ಬಿದ್ದ ಸೀಸ ಎಲ್ಲಿ ಹೋಯ್ತು ಅಂತೀರಿ? ಅದು ಕೊಳೆಯೋ ವಸ್ತು ಅಲ್ಲ, ಬಿಸಿಲಿಗೆ ಒಡೆಯಲ್ಲ, ಮಳೆಗೆ ಸುಲಭವಾಗಿ ಕೆಳಗಿಳಿಯಲ್ಲ. ಅಗೆದು ಮಗುಚದೇ ಇರೋ ಜಾಗದಲ್ಲಿ ಮೇಲಿನ ಎರಡು ಮೂರು ಇಂಚು ಮಣ್ಣಲ್ಲೇ ಕೂತಿರುತ್ತೆ, ಒಣಗಿದಾಗ ಧೂಳಾಗಿ ಏಳುತ್ತೆ, ಕಿಟಕಿ ದಂಡೆ ಮೇಲೆ ಬಂದು ಕೂರುತ್ತೆ. ಮಕ್ಕಳು ಬೇರೆ, ಧೂಳು ಅದೇ.

ಏನಾಗಿದೆ ನಮಗೆ ಅಂದ್ರಿ. 90ರ ದಶಕದ ಕೊನೇಲಿ ಜಾರ್ಜ್ ಫೌಂಡೇಶನ್ ಅನ್ನೋ ಸ್ವಯಂಸೇವಾ ಸಂಸ್ಥೆಯವರು ಬೆಂಗಳೂರೂ ಸೇರಿ ಏಳು ಊರುಗಳಲ್ಲಿ ರಕ್ತ ಪರೀಕ್ಷೆ ಮಾಡಿದ್ರು, 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ 10ರ ಮೇಲಿತ್ತು. ಆ ಕೆಲಸದಲ್ಲಿ ಮುಂದಿದ್ದವರು ನಮ್ಮ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್. ಸೀಸದ ಪೆಟ್ಟು ಕೈಕಾಲು ಮುರಿದ ಹಾಗೆ ಕಾಣಲ್ಲ ಸ್ವಾಮಿ. ಒಂದು ಕ್ಲಾಸಲ್ಲಿ ಇಬ್ಬರು ಮೂವರು ಹುಡುಗರಿಗೆ ಲೆಕ್ಕ ತಲೆಗೆ ಹತ್ತಲ್ಲ, ಒಂದು ಕಡೆ ಕೂರಕ್ಕಾಗಲ್ಲ, ನಾವು ದಡ್ಡ ಅಂತ ಕಿವಿ ಹಿಂಡಿ ಬೆಂಚ್ ಮೇಲೆ ನಿಲ್ಲಿಸ್ತೀವಿ. ಮೂವತ್ತು ವರ್ಷ ನಾನೂ ಅದೇ ಮಾಡಿದೀನಿ, ಯಾರಿಗೆ ಏನಿತ್ತೋ.

ಹಳೇ ಬಸವನಗುಡಿ

ಮೇಷ್ಟ್ರೇ ಕೊನೇ ಲೈನು ಓದಿ ಸುಮ್ನಾದೆ. ನನ್ನ ತಮ್ಮ ಹಂಗೇ ಇದ್ದ.

ಆರೋಗ್ಯ ಸಂಜೀವಿನಿ

ಸೋದರಿ, ಭಯ ಬೇಡ. ದಿನಾ ಬೆಳಗ್ಗೆ ಖಾಲಿ ಹೊಟ್ಟೇಲಿ ಕೊತ್ತಂಬರಿ ಸೊಪ್ಪಿನ ರಸಕ್ಕೆ ನಿಂಬೆ ಹಿಂಡಿ ಕೊಡಿ, 21 ದಿನಕ್ಕೆ ದೇಹದಲ್ಲಿರೋ ಎಲ್ಲಾ ಲೋಹ ಹೊರಗೆ ಹೋಗುತ್ತೆ, ಡಿಟಾಕ್ಸ್. ಇಲ್ಲಾಂದ್ರೆ ನಮಗೆ ಗೊತ್ತಿರೋ ಪಂಡಿತರು ಭಸ್ಮ ಕೊಡ್ತಾರೆ, ಮೆಸೇಜ್ ಮಾಡಿ.

ಲ್ಯಾಬ್ ಮೇಡಂ

ಕೊತ್ತಂಬರಿ ನಿಂಬೆ ಕೊಡ್ಲಿ, ಸಾರಿಗೂ ಹಾಕ್ತೀವಿ, ತೊಂದ್ರೆ ಇಲ್ಲ. ಅದರಿಂದ ಸೀಸ ಹೋಗುತ್ತೆ ಅಂತ ಕಾಯ್ತಾ ಕೂರೋದು ತಪ್ಪು ಅಷ್ಟೆ. ಆದ್ರೆ ಭಸ್ಮ ಅಂದ್ರಲ್ಲ, ಅದನ್ನ ಮಾತ್ರ ಸುಮ್ನೆ ಬಿಡಲ್ಲ. ನಾಗ ಭಸ್ಮ ಅಂದ್ರೆ ಏನು ಗೊತ್ತಾ ನಿಮಗೆ? ಆ ಶಾಸ್ತ್ರದಲ್ಲಿ ನಾಗ ಅಂದ್ರೆನೇ ಸೀಸ. ಎರಡು ವರ್ಷದ ಮಗುಗೆ ಸೀಸ ಜಾಸ್ತಿ ಆಗಿದೆ ಅಂತ ಬಂದವರಿಗೆ ಯಾವುದೋ ಹೆಸರಿಲ್ಲದ ಪೊಟ್ಟಣದ ಭಸ್ಮ ಕೊಡಿ ಅಂತೀರಲ್ಲ. ಸಿಸ್ಟರ್, ಮನೇಲಿ ಲೇಹ್ಯ, ಗುಳಿಗೆ ಅಂತ ಏನಾದ್ರೂ ಕೊಡ್ತಿದ್ರೆ ಡಾಕ್ಟ್ರಿಗೆ ಹೇಳಿ, ಮುಚ್ಚಿಡಬೇಡಿ. ಲೇಬಲ್ ಇಲ್ಲದ ಕಾಡಿಗೆನೂ ನಿಲ್ಸಿ.

ಹುಬ್ಬಳ್ಳಿ ಮಂದಿ

ಅಕ್ಕಾರ, ನಿಮ್ಮ ಮನ್ಯಾಗ ಯಾರರ ಬ್ಯಾಟರಿ ಕೆಲಸಾ ಮಾಡ್ತಾರೇನ್ರಿ? ಯಾಕ ಕೇಳಾಕತ್ತೀನಿ ಅಂದ್ರ, ನಮ್ಮ ಅಪ್ಪಾರು ಇಪ್ಪತ್ತು ವರ್ಷ ಬ್ಯಾಟರಿ ಅಂಗಡ್ಯಾಗ ದುಡದಾರ. ಹಳೀ ಬ್ಯಾಟರಿ ಒಡದು ಸೀಸದ ಪ್ಲೇಟ್ ತೆಗ್ಯೂದು, ಕರಗಸೂದು, ಆ್ಯಸಿಡ್ ಗಟಾರಕ್ಕ ಚೆಲ್ಲೂದು, ಇದೆಲ್ಲಾ ಅವಾಗ ಯಾರೂ ಕೇಳ್ತಿರಲಿಲ್ಲ. ಸಂಜಿಕ್ಕ ಖಾಕಿ ಅಂಗಿ ಮ್ಯಾಲೆ ಬೂದಿ ಹತ್ತಿದಂಗ ಧೂಳ ಇರ್ತಿತ್ತು, ಮನಿಗೆ ಬಂದ ಕೂಡ್ಲೆ ನಾನು ನನ್ನ ತಂಗಿ ಓಡಿ ಹೋಗಿ ಕಾಲಿಗೆ ಬೀಳ್ತಿದ್ವಿ. ಅಂಗಿ ಎಲ್ಲಾರ ಅರಬಿ ಕೂಡ ಒಂದ ಬಕೀಟನ್ಯಾಗ ತೊಳೀತಿದ್ಲು ನಮ್ಮವ್ವ. ಅಪ್ಪಾಗ ಹೊಟ್ಟಿ ನೋವು, ಕೈ ನಡುಕ, ಕಡೀಕ ಕಿಡ್ನಿ. ಅವರು ಅಂಗಡಿ ಧೂಳ ಅಂಗ್ಯಾಗ ಮನೀತನಕ ಹೊತ್ಕೊಂಡ ಬರ್ತಿದ್ರು ಅಂತ ತಿಳಿಯೋದ್ರಾಗ ಬಾಳ ತಡಾ ಆಗಿತ್ರಿ. ಈಗ 2022ರ ಬ್ಯಾಟರಿ ವೇಸ್ಟ್ ರೂಲ್ಸ್ ಬಂದಾವ, ಹಳೀ ಬ್ಯಾಟರಿ ನೋಂದಣಿ ಆದ ರಿಸೈಕ್ಲರ್‌ಗೇ ಹೋಗಬೇಕು. ಖರೆ, ಗಲ್ಲಿ ಹಿಂದ ತಗಡಿನ ಶೆಡ್ಡಿನ್ಯಾಗ ಏನ ನಡದೈತಿ ಅಂತ ಎಲ್ಲಾರಿಗೂ ಗೊತ್ತೈತಿ.

ತುಳಸಿಕಟ್ಟೆ

ಓದಿ ಕಣ್ಣಲ್ಲಿ ನೀರು ಬಂತು ಅಣ್ಣ. ನಮ್ಮಲ್ಲಿ ಯಾರೂ ಇಲ್ಲ, ಯಜಮಾನ್ರು ಅಕೌಂಟ್ಸ್ ಕೆಲಸ, ನಾನು ಮನೇಲೇ. ಹತ್ರದಲ್ಲಿ ಅಂಥ ಶೆಡ್ಡೂ ಇಲ್ಲ, ನಿನ್ನೆ ಸಂಜೆ ಎರಡು ರಸ್ತೆ ಸುತ್ತಿ ನೋಡ್ಕೊಂಡು ಬಂದೆ.

ನರದಿಂದ ಮಾಡಿಸಿದ ರಿಪೋರ್ಟ್ ಬಂತು, 12.6. ಅಂದ್ರೆ ಇರೋದಂತೂ ನಿಜ. ಈಗ ಮಣ್ಣು ಟೆಸ್ಟ್ ಮಾಡಿಸೋಣ ಅಂತ. ಹೇಗೆ ತೆಗೀಬೇಕು ಮೇಷ್ಟ್ರೇ? ಕೃಷಿಯವರ ಹತ್ರ ಕೊಟ್ರೆ ಆಗುತ್ತಾ?

ಕೆಮಿಸ್ಟ್ರಿ ಮೇಷ್ಟ್ರು

ರೈತರಿಗೆ ಮಾಡಿಕೊಡೋ ಮಾಮೂಲಿ ಮಣ್ಣು ಪರೀಕ್ಷೆಯಲ್ಲಿ ಸಾರಜನಕ, ರಂಜಕ, ಪೊಟ್ಯಾಶ್, ರಸಸಾರ ನೋಡ್ತಾರಮ್ಮ, ಸೀಸ ನೋಡಲ್ಲ. ಮಾನ್ಯತೆ ಇರೋ ಖಾಸಗಿ ಲ್ಯಾಬಿಗೆ ಕೊಟ್ಟು ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ಸತು ಇಷ್ಟು ಬೇಕು ಅಂತ ಹೇಳಿ. ಗ್ರೋ ಬ್ಯಾಗಲ್ಲಾದ್ರೆ ಬೇರು ಇರೋ ಆಳದವರೆಗಿನ ಮಣ್ಣು, ಐದಾರು ಬ್ಯಾಗಿಂದ ಒಂದೊಂದು ಹಿಡಿ, ಕಲಸಿ ಒಂದು ಸ್ಯಾಂಪಲ್. ಮಗು ಆಡೋ ಜಾಗದಲ್ಲಿ ಆಳಕ್ಕೆ ಅಗೀಬೇಡಿ, ಬರೀ ಮೇಲಿನ ಒಂದು ಇಂಚು, ಅವಳ ಬೆರಳಿಗೆ ಸಿಗೋದು ಅದೇ ತಾನೇ. ಕಬ್ಬಿಣದ ಸಲಾಕೆ ಬೇಡ, ಪ್ಲಾಸ್ಟಿಕ್ ಚಮಚ ಸಾಕು.

ಇನ್ನೊಂದು ಮಾತು. ನೀವು ಟೆರೇಸ್ ಟೆರೇಸ್ ಅಂತಿದೀರ. ಎರಡು ವರ್ಷದ ಮಗು ದಿನಕ್ಕೆ ಎಷ್ಟೊತ್ತು ಟೆರೇಸಲ್ಲಿರುತ್ತೆ? ಮಿಕ್ಕ ಹೊತ್ತು ಎಲ್ಲಿ ಕೂತ್ಕೊಂಡು ಆಡುತ್ತೆ? ಅದನ್ನ ಮೊದಲು ಬರೀರಿ.

ಜರ್ಸಿ ಜಯಣ್ಣ

ನ್ಯೂಜೆರ್ಸಿಯಿಂದ. ಮೇಷ್ಟ್ರ ಪ್ರಶ್ನೆ ಕರೆಕ್ಟ್ ಇದೆ. ನಾವಿಲ್ಲಿ 1950ರ ದಶಕದ ಮನೆ ತಗೊಂಡಾಗ ಪೇಪರ್‌ಗೆ ಸೈನ್ ಹಾಕೋ ಟೈಮಲ್ಲಿ ಸೀಸದ ಪೈಂಟ್ ಬಗ್ಗೆನೇ ಒಂದು ಫಾರಂ ಕೊಟ್ರು, 1978ಕ್ಕಿಂತ ಹಳೇ ಮನೆಗೆಲ್ಲಾ ಇದು ಕಡ್ಡಾಯ, ಆ ವರ್ಷ ಇಲ್ಲಿ ಮನೆ ಬಳಕೆಗೆ ಆ ಪೈಂಟ್ ನಿಷೇಧ ಆಗಿದ್ದು. ಇನ್‌ಸ್ಪೆಕ್ಟರ್ ಬಂದವನು ಹಿತ್ತಲ ಮಧ್ಯದ ಹುಲ್ಲು ಕಡೆ ತಿರುಗಿ ನೋಡಲೇ ಇಲ್ಲ, ನೇರ ಗೋಡೆ ಬುಡಕ್ಕೆ ಹೋದ. ಸೂರಿನ ನೀರು ಸೋರಿ ಬೀಳೋ ಜಾಗ ಇರುತ್ತಲ್ಲ, ಗೋಡೆಯಿಂದ ಎರಡು ಅಡಿ ಒಳಗೆ, ಪೈಂಟ್ ಉದುರಿದ್ದೆಲ್ಲಾ ಅಲ್ಲೇ ಸೇರಿರುತ್ತೆ ಅಂತ. ನಮ್ಮವಳು ಅಲ್ಲೇ ಮೆಂತ್ಯ ಹಾಕಿದ್ಲು, ಹೇಳ್ತೀನಿ ಕೇಳಿ, ಗೋಡೆ ಬೆಚ್ಚಗಿರುತ್ತೆ ಬೇಗ ಮೊಳಕೆ ಬರುತ್ತೆ ಅಂತ! ಕಿತ್ತು ಬಿಸಾಕಿ ಬಾಕ್ಸ್ ಕಟ್ಟಿಸಿ ಹೊಸ ಮಣ್ಣು ತುಂಬಿದ್ವಿ. ನಿಮ್ಮನೇದು ಹಳೇ ಮನೆ ಅಂದ್ರಲ್ಲ, ಗೇಟು, ಗ್ರಿಲ್ಲು, ಕಿಟಕಿ ನೋಡಿ ತಂಗಿ.

ತುಳಸಿಕಟ್ಟೆ

ಮೇಷ್ಟ್ರೇ, ಜಯಣ್ಣ, ನಿಮ್ಮಿಬ್ಬರ ಮೆಸೇಜ್ ಓದಿ ಹೊರಗಡೆ ಹೋಗಿ ಜಗಲಿ ಮೇಲೆ ಕೂತ್ಕೊಂಡೆ. ಅವಳು ಕೂರೋ ಜಾಗದಲ್ಲೇ ಕೂತು ನೋಡಿದೆ.

ಗೇಟು ದಾಟಿದ ಕೂಡ್ಲೆ ಎಡಕ್ಕೆ ಕಾಂಪೌಂಡ್ ಪಕ್ಕ ಎರಡಡಿ ಅಗಲದ ಮಣ್ಣಿನ ಪಟ್ಟಿ ಇದೆ. ಅಲ್ಲೇ ತುಳಸಿ, ಒಂದು ದಾಸವಾಳ, ಒಂದು ದೊಡ್ಡಪತ್ರೆ. ಬೆಳಗ್ಗೆ ಬಿಸಿಲು ಅಲ್ಲಿಗೆ ಬೀಳುತ್ತೆ ಅಂತ ಅವಳನ್ನ ಅಲ್ಲೇ ಕೂರಿಸಿ, ಒಂದು ಚೊಂಬು ಒಂದು ಚಮಚ ಕೊಟ್ಟು, ನಾನು ಬಟ್ಟೆ ಒಣಗಾಕೋದು. ಟೆರೇಸ್ ಮೇಲೆ ಕರ್ಕೊಂಡು ಹೋಗೋದು ವಾರಕ್ಕೊಂದ್ಸಲ ಅಷ್ಟೆ. ಇದು ನನಗೆ ಹೊಳೀಲೇ ಇಲ್ಲ ನೋಡಿ.

ಹೋದ ವರ್ಷ ಗೌರಿ ಹಬ್ಬಕ್ಕೆ ಮುಂಚೆ ಓನರ್ ಗೇಟು, ಗ್ರಿಲ್ಲಿಗೆ ಪೈಂಟ್ ಹೊಡೆಸಿದ್ರು. ಎರಡು ದಿನ ಉಪ್ಪುಕಾಗದ ಹಾಕಿ ಉಜ್ಜಿದ್ರು, ಸ್ಕ್ರೇಪರ್‌ನಲ್ಲಿ ಕೆರೆದ್ರು, ಎಲ್ಲಾ ಆ ಪಟ್ಟಿಗೇ ಉದುರಿದ್ದು. ಇವತ್ತು ದೊಡ್ಡಪತ್ರೆ ಬುಡದಲ್ಲಿ ಕೈಯಾಡಿಸಿದ್ರೆ ಉಗುರಿನಷ್ಟು ಚಿಕ್ಕ ಚಿಕ್ಕ ಚಕ್ಕೆ ಸಿಕ್ತು. ಒಂದನ್ನ ಅಂಗೈ ಮೇಲೆ ಇಟ್ಕೊಂಡು ನೋಡಿದೆ. ಮೇಲೆ ಕಾಫಿ ಬಣ್ಣ, ಅದರ ಕೆಳಗೆ ಹಸಿರು, ಅದರ ಕೆಳಗೆ ಮೊಟ್ಟೆ ಭಂಡಾರದ ಥರ ಗಾಢ ಹಳದಿ, ತೀರಾ ಕೆಳಗೆ ಕೇಸರಿ. ನಾಲ್ಕು ಪದರ, ಈರುಳ್ಳಿ ಥರ. ಬಾಯಿಗೆ ಹಾಕಿದ್ರೆ ಹೆಂಗಿರಬಹುದು ಅನ್ನಿಸಿಬಿಡ್ತು, ಅಷ್ಟು ಚಂದ ಇತ್ತು.

ಬಣ್ಣದ ಮಂಜ

ಅಕ್ಕ, ನಮ್ಮ ತಂದೆ ಪೈಂಟರ್ರು, ನಾನೂ ಹತ್ತು ವರ್ಷ ಅವರ ಜೊತೆ ಹೋಗಿದೀನಿ, ಊರು ತುಮಕೂರು. ನೀವು ಹೇಳಿದ ಪದರ ಓದಿದ ಕೂಡ್ಲೆ ಗೊತ್ತಾಯ್ತು. ಆ ಗಾಢ ಹಳದಿ, ಕೇಸರಿ, ಹಸಿರು ಎನಾಮಲ್‌ಗಳಲ್ಲೇ ಸೀಸ ಜಾಸ್ತಿ ಇರ್ತಿದ್ದಿದ್ದು, ಆ ಬಣ್ಣ ಕೊಡ್ತಿದ್ದಿದ್ದೇ ಲೆಡ್ ಕ್ರೋಮೇಟ್. ತೀರಾ ಕೆಳಗಿನ ಕೇಸರಿ ಬಹುಶಃ ರೆಡ್ ಲೆಡ್ ಪ್ರೈಮರ್, ತುಕ್ಕು ಹಿಡೀಬಾರ್ದು ಅಂತ ಹಳೇ ಕಬ್ಬಿಣಕ್ಕೆಲ್ಲಾ ಅದನ್ನೇ ಬಳೀತಿದ್ರು. ಈಗಿನ ರೆಡ್ ಆಕ್ಸೈಡ್ ಬೇರೆ, ಅದು ಇಟ್ಟಿಗೆ ಬಣ್ಣ, ಅದು ಕಬ್ಬಿಣದ್ದು. ಜನ ಎರಡಕ್ಕೂ ರೆಡ್ಡು ರೆಡ್ಡು ಅಂತಾರೆ.

ಸರ್ಕಾರದ ರೂಲ್ಸ್ ಬಂದಿದ್ದು 2016ರಲ್ಲಿ, 2017ರ ನವೆಂಬರ್‌ನಿಂದ ಮನೆ ಪೈಂಟಲ್ಲಿ ಸೀಸ 90 ಪಿಪಿಎಂ, ಅಂದ್ರೆ ಹತ್ತು ಲಕ್ಷ ಭಾಗದಲ್ಲಿ 90 ಭಾಗ, ದಾಟಂಗಿಲ್ಲ. ಅದು ಹೊಸ ಡಬ್ಬಿಗೆ. ಗೇಟ್ ಮೇಲೆ ಮೂವತ್ತು ವರ್ಷದಿಂದ ಕೂತಿರೋದಕ್ಕೆ ಯಾವ ರೂಲ್ಸು? ಪೈಂಟ್ ಗಟ್ಟಿಯಾಗಿ ಕೂತಿದ್ರೆ ಅಷ್ಟು ತೊಂದ್ರೆ ಇಲ್ಲ ಅಕ್ಕ, ಎದ್ದು ಉದುರಿದಾಗ, ಕೆರೆದಾಗಲೇ ಅದು ಧೂಳಾಗೋದು. ನಮ್ಮ ತಂದೆ ಬಾಯಿಗೆ ಒಂದು ಟವೆಲ್ ಕಟ್ಕೊಂಡು ಕೆರೀತಿದ್ರು, ಅದೇ ಟವೆಲಲ್ಲಿ ಮಧ್ಯಾಹ್ನ ಮುಖ ಒರೆಸ್ಕೊಂಡು ಊಟಕ್ಕೆ ಕೂರ್ತಿದ್ರು.

ಕೆಜಿಎಫ್ ಹುಡುಗ

ಧೂಳಿನ ವಿಷಯ ಬಂತು ಅಂತ ಹೇಳ್ತಿದೀನಿ, ನಮ್ಮೂರಲ್ಲಿ ಬೆಟ್ಟನೇ ಧೂಳು. ಚಿನ್ನದ ಗಣಿ ಮುಚ್ಚಿದ್ದು 2001ರಲ್ಲಿ, ಚಿನ್ನ ತೆಗೆದು ಉಳಿದ ಕಲ್ಲುಪುಡಿ ಸುರಿದ ಸೈನೈಡ್ ಗುಡ್ಡ ಮಾತ್ರ ಹಂಗೇ ನಿಂತಿದೆ. ಬೇಸಿಗೆ ಗಾಳಿಗೆ ಒಣಗಾಕಿದ ಬಟ್ಟೆ, ಸಾರಿನ ಪಾತ್ರೆ ಎಲ್ಲಾ ಬೂದಿ. ಹೊರಗಿನವರು ಸೈನೈಡ್ ಅಂತ ಹೆದರ್ತಾರೆ, ಅದು ಬಿಸಿಲಿಗೆ ಒಡೆದು ಹೋಗೋ ಸರಕು, ನಮ್ಮ ಎದೆ ಒಳಗೆ ಹೋಗಿ ಕೂರೋದು ಅರೆದ ಬೆಣಚು ಕಲ್ಲಿನ ನುಣ್ಣನೆ ಪುಡಿ. ಅದಕ್ಕೆ ಯಾವ ಟೆಸ್ಟು ಮಾಡಿಸೋದು ಹೇಳಿ.

ಗುಜರಿ ಗಮನ

ಮೈಸೂರು ರಸ್ತೆ ಕಡೆಯವರು ಇ-ವೇಸ್ಟ್ ಬಗ್ಗೆನೂ ಯೋಚನೆ ಮಾಡಬೇಕು. ಬೆಂಗಳೂರಲ್ಲಿ ಕಂಪ್ಯೂಟರ್ ಬೋರ್ಡ್ ಸುಟ್ಟು, ಆ್ಯಸಿಡಲ್ಲಿ ಅದ್ದಿ ತಾಮ್ರ, ಚಿನ್ನ ತೆಗೆಯೋ ಜಾಗಗಳ ಮಣ್ಣನ್ನ ಜಪಾನಿನ ಸಂಶೋಧಕರು ಪರೀಕ್ಷೆ ಮಾಡಿ 2009ರಲ್ಲಿ ಪ್ರಕಟಿಸಿದ್ರು, ಸೀಸ ಒಂದು ಕಡೆ 2,850 ಪಿಪಿಎಂವರೆಗೆ ಸಿಕ್ಕಿತ್ತು, ಪಾದರಸ, ತವರ, ಆಂಟಿಮನಿ ಬೇರೆ. ಮಾಮೂಲಿ ಮಣ್ಣಲ್ಲಿ ಸೀಸ ಇಪ್ಪತ್ತು ಮೂವತ್ತರ ಆಸುಪಾಸಲ್ಲಿರುತ್ತೆ. ಸಿಗ್ನಲ್ ಹತ್ರದ ಧೂಳಲ್ಲಿ ಇನ್ನೊಂದು ಥರ, ಟೈರ್ ಸವೆದು ಸತು, ಬ್ರೇಕ್ ಪ್ಯಾಡ್ ಸವೆದು ತಾಮ್ರ. ಎಲೆಕ್ಟ್ರಿಕ್ ಗಾಡಿ ಬಂದ್ರೆ ಹೊಗೆ ಹೋಗುತ್ತೆ, ಟೈರ್ ಸವೆಯೋದು ಹೋಗಲ್ಲ.

ನಿರ್ವಾಹಕ

ಗಣಿ, ಇ-ವೇಸ್ಟ್ ಎರಡಕ್ಕೂ ಬೇರೆ ಚರ್ಚೆ ಶುರು ಮಾಡಿ ದಯವಿಟ್ಟು, ಇಲ್ಲಿ ಆ ತಾಯಿ ಕೇಳಿದ್ದಕ್ಕೆ ಉತ್ತರ ಕೊಡೋಣ. ಆರೋಗ್ಯ ಸಂಜೀವಿನಿ ಅವರ ಮುಂದಿನ ಎರಡು ಪೋಸ್ಟ್ ತೆಗೆದಿದೀನಿ.

ತುಳಸಿಕಟ್ಟೆ

ಮಣ್ಣಿನ ರಿಪೋರ್ಟ್ ಬಂತು. ಹನ್ನೆರಡು ದಿನ ಕಾಯಿಸಿದ್ರು. ಸೀಸದ್ದು ಮಾತ್ರ ಬರೀತೀನಿ, ಪಿಪಿಎಂ ಲೆಕ್ಕದಲ್ಲಿ. ಟೆರೇಸಿನ ಬ್ಯಾಗ್ 41. ಮನೆ ಮುಂದಿನ ರಸ್ತೆ ಅಂಚಿನ ಮಣ್ಣು 130. ಗೇಟ್ ಪಕ್ಕದ ತುಳಸಿ ಪಟ್ಟಿ 640. ಟೆರೇಸ್ ಬ್ಯಾಗಲ್ಲಿ ಕ್ಯಾಡ್ಮಿಯಂ ಏನೂ ಜಾಸ್ತಿ ಇಲ್ಲ ಅಂದ್ರು, ಸತು ಸ್ವಲ್ಪ ಇದೆಯಂತೆ. ಮೂವತ್ತು ಬ್ಯಾಗೂ ಉಳೀತು, ತೋಟಗಾರರೇ ನಿಮಗೆ ದೊಡ್ಡ ನಮಸ್ಕಾರ. ನಾನು ದಿನಾ ಪೂಜೆ ಮಾಡಿ ನೀರು ಹಾಕೋ ಜಾಗ ಹಿಂಗಾಯ್ತು.

ಕೆಮಿಸ್ಟ್ರಿ ಮೇಷ್ಟ್ರು

ಲೆಕ್ಕ ಹಾಕಿ ತೋರಿಸ್ತೀನಿ, ಹೆದರಿಸೋಕಲ್ಲ. ಪಿಪಿಎಂ 640 ಅಂದ್ರೆ ಒಂದು ಗ್ರಾಂ ಮಣ್ಣಲ್ಲಿ 640 ಮೈಕ್ರೋಗ್ರಾಂ ಸೀಸ. ಈ ವಯಸ್ಸಿನ ಮಕ್ಕಳು ಬೇಕು ಅಂತ ತಿನ್ನದೇ ಇದ್ರೂ ಕೈ, ಆಟದ ಸಾಮಾನು, ನೆಲ ಅಂತ ದಿನಕ್ಕೆ ಸುಮಾರು 100 ಮಿಲಿಗ್ರಾಂ ಮಣ್ಣು ಧೂಳು ನುಂಗ್ತಾವೆ, ಒಂದು ಚಿಟಿಕೆನೂ ಇಲ್ಲ. ಅದಷ್ಟೂ ಆ ಪಟ್ಟಿಯದ್ದೇ ಆದ್ರೆ 64 ಮೈಕ್ರೋಗ್ರಾಂ. ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮಕ್ಕಳಿಗೆ ಊಟದಿಂದ ದಿನಕ್ಕೆ 2.2 ಮೈಕ್ರೋಗ್ರಾಂ ದಾಟಬಾರದು ಅನ್ನುತ್ತೆ. ದೊಡ್ಡವರು ನುಂಗಿದ್ರೆ ಹತ್ತರಲ್ಲಿ ಒಂದು ಭಾಗ ರಕ್ತಕ್ಕೆ ಹೋಗುತ್ತೆ, ಚಿಕ್ಕ ಮಕ್ಕಳಲ್ಲಿ ಅರ್ಧದವರೆಗೂ ಹೋಗಬಹುದು. ನಿಮ್ಮ ಮಗಳು ಬೇಕಂತಲೇ ತಿಂತಿದ್ಲು ಬೇರೆ. ಹಾಗಾಗಿ 12.6 ಬಂದಿದ್ರಲ್ಲಿ ಆಶ್ಚರ್ಯ ಇಲ್ಲ. ಅಮೆರಿಕದಲ್ಲಿ ಮನೆ ಅಂಗಳದ ಮಣ್ಣಿಗೆ 400 ಅಂತ ಇದ್ದದ್ದನ್ನ 2024ರ ಜನವರಿಯಲ್ಲಿ 200ಕ್ಕೆ ಇಳಿಸಿದ್ರು, ಕ್ಯಾಲಿಫೋರ್ನಿಯದವರದ್ದು 80. ಆ ಲೆಕ್ಕಕ್ಕೆ ನಿಮ್ಮ ಮುಂದಿನ ರಸ್ತೆಯ 130 ಕೂಡ ಕಮ್ಮಿಯೇನಲ್ಲ, ಅದರಲ್ಲಿ ಪಾಪ ಬಸವನಗುಡಿಯವರ ಸ್ಕೂಟರ್‌ದೂ ಸೇರಿರಬೇಕು.

ಈಗ ಮಾಡೋದೇನು? ಆ ಪಟ್ಟಿ ಒಣಗಿದಾಗ ಅಗೆದು ಹೊರಗೆ ಹಾಕಿಸ್ತೀನಿ ಅಂತ ಹೋಗಬೇಡಿ, ಇನ್ನೊಂದ್ಸಲ ಧೂಳೆಬ್ಬಿಸಿದ ಹಾಗಾಗುತ್ತೆ, ಅಗೆಯೋನಿಗೂ ಕೆಟ್ಟದ್ದು. ಚೆನ್ನಾಗಿ ನೆನೆಸಿ, ಕಣ್ಣಿಗೆ ಕಾಣೋ ಚಕ್ಕೆ ಆರಿಸಿ ಕವರ್ ಕಟ್ಟಿ, ಮೇಲೆ ದಪ್ಪ ಶೀಟ್ ಹಾಸಿ ಆರಿಂಚು ಹೊಸ ಕೆಂಪು ಮಣ್ಣು ಹಾಕಿಸಿ, ಇಲ್ಲಾ ಕಲ್ಲುಚಪ್ಪಡಿ ಹಾಸಿಸಿಬಿಡಿ. ತುಳಸಿ ಕುಂಡಕ್ಕೆ ಬರಲಿ.

ಲ್ಯಾಬ್ ಮೇಡಂ

ಮನೆ ಒಳಗೂ ನೋಡ್ಕೊಳ್ಳಿ. ಒಣ ಪೊರಕೇಲಿ ಗುಡಿಸೋದು ನಿಲ್ಸಿ, ಅದು ಧೂಳನ್ನ ನೆಲದಿಂದ ಎಬ್ಬಿಸಿ ಮಂಚದ ಮೇಲೆ ಕೂರಿಸೋ ಕೆಲಸ. ಒದ್ದೆ ಬಟ್ಟೇಲಿ ಒರೆಸಿ, ಕಿಟಕಿ ದಂಡೆ ಮರೀಬೇಡಿ, ನೀರು ಎರಡು ಸಲ ಬದಲಾಯಿಸಿ. ಚಪ್ಪಲಿ ಸ್ಟ್ಯಾಂಡ್ ಬಾಗಿಲ ಒಳಗಿದ್ರೆ ಹೊರಗಿಡಿ. ಊಟಕ್ಕೆ ಮುಂಚೆ, ಮಲಗೋಕೆ ಮುಂಚೆ ಸೋಪಲ್ಲಿ ಕೈ, ಉಗುರು ಚಿಕ್ಕದಾಗಿ ಕತ್ತರಿಸಿ. ಸ್ಯಾನಿಟೈಸರ್ ಬೇಡ, ಅದು ಕ್ರಿಮಿ ಕೊಲ್ಲುತ್ತೆ, ಸೀಸ ಎಲ್ಲಿಗೂ ಹೋಗಲ್ಲ. ಹೊಟ್ಟೆ ಖಾಲಿ ಇಡಬೇಡಿ, ಖಾಲಿ ಹೊಟ್ಟೇಲಿ ಜಾಸ್ತಿ ಹೀರುತ್ತೆ. ರಾಗಿ ಗಂಜಿ ಕ್ಯಾಲ್ಸಿಯಂಗೆ ಒಳ್ಳೇದು.

ಹಳೇ ಬಸವನಗುಡಿ

ನಮ್ಮಮ್ಮ ಬಾಗಿಲಿಗೆ ನೀರು ಚಿಮುಕಿಸದೆ ಪೊರಕೆ ಮುಟ್ತಿರಲಿಲ್ಲ. ಯಾಕೆ ಅಂತ ಕೇಳಿದ್ರೆ ಲಕ್ಷ್ಮಿ ಬರಲ್ಲ ಕಣೋ ಅಂತಿದ್ಲು.

ತುಳಸಿಕಟ್ಟೆ

ಎರಡೂವರೆ ತಿಂಗಳಾಯ್ತು, ಅಪ್‌ಡೇಟ್ ಕೊಡ್ತೀನಿ ಅಂದಿದ್ದೆ.

ಮಗಳದ್ದು 9.4ಕ್ಕೆ ಇಳಿದಿದೆ. ಹಿಮೋಗ್ಲೋಬಿನ್ 10.8. ಮಣ್ಣು ತಿನ್ನೋದು ಪೂರ್ತಿ ನಿಂತಿಲ್ಲ ಆದ್ರೆ ಕಮ್ಮಿ ಆಗಿದೆ, ಈಗ ಅವಲಕ್ಕಿ ಡಬ್ಬಿ ಮೇಲೆ ಕಣ್ಣು. ಮೂಳೇಲಿ ಸೇರಿರೋದು ನಿಧಾನಕ್ಕೆ ಬಿಡ್ತಾ ಇರುತ್ತೆ, ಅದಕ್ಕೇ ಧಡ್ ಅಂತ ಇಳಿಯಲ್ಲ, ಮೂರು ತಿಂಗಳಿಗೊಂದ್ಸಲ ನೋಡೋಣ ಅಂದ್ರು ಡಾಕ್ಟ್ರು. ಪಟ್ಟಿ ಮೇಲೆ ಕಲ್ಲು ಹಾಸಿಸಿದೀವಿ, ಖರ್ಚು ನಮ್ಮದೇ. ಓನರ್‌ಗೆ ರಿಪೋರ್ಟ್ ತೋರಿಸಿದ್ರೆ ಎರಡು ಸಲ ತಿರುಗಿಸಿ ನೋಡಿ, ನಮ್ಮ ಮಕ್ಕಳೂ ಇಲ್ಲೇ ಆಡಿ ಬೆಳೆದಿದ್ದಮ್ಮ, ಇಬ್ಬರೂ ಇಂಜಿನಿಯರ್ರು ಅಂದ್ರು. ಏನು ಹೇಳೋದು, ಕಾಫಿ ಕುಡಿದು ಬಂದೆ.

ಈಗಿನ ವಿಷಯ ಏನಂದ್ರೆ, ಸೋಮವಾರದಿಂದ ಮೇಲಿನ ಮನೆ ಗ್ರಿಲ್ಲಿಗೆ ಪೈಂಟರ್ ಬರ್ತಾರಂತೆ. ಅದೂ ಅದೇ ಕಾಲದ ಗ್ರಿಲ್ಲು, ನಮ್ಮ ಜಗಲಿ ಮೇಲಕ್ಕೇ ಬರುತ್ತೆ. ಮಂಜಣ್ಣ, ಅವರಿಗೆ ಏನಂತ ಹೇಳ್ಲಿ?

ಬಣ್ಣದ ಮಂಜ

ಒಣ ಉಜ್ಜೋದು ಬೇಡ, ಮಷೀನ್ ಹಾಕೋದಂತೂ ಬೇಡವೇ ಬೇಡ, ಬೆಂಕಿ ಹಿಡಿದು ಸುಲಿಯೋದೂ ಬೇಡ ಅಂತ ಹೇಳಿ. ವಾಟರ್ ಪೇಪರ್ ಅಂತ ಕಪ್ಪು ಕಾಗದ ಬರುತ್ತೆ, ಸ್ಪ್ರೇ ಬಾಟಲಲ್ಲಿ ನೀರು ಹೊಡ್ಕೊಂಡು ಅದರಲ್ಲೇ ಉಜ್ಜಲಿ, ಅದೂ ಎದ್ದು ಬಂದಿರೋ ಕಡೆ ಮಾತ್ರ, ಗಟ್ಟಿ ಇರೋದ್ರ ಮೇಲೆ ಹಂಗೇ ಹೊಡೀಲಿ. ಕೆಳಗೆ ಪ್ಲಾಸ್ಟಿಕ್ ಹಾಸಿ, ಸಂಜೆ ಒದ್ದೆ ಇರೋವಾಗಲೇ ಸುತ್ತಿ ಕಟ್ಟಿ. ಕೆಲಸ ನಿಧಾನ ಆಗುತ್ತೆ ಅಂತ ಗೊಣಗ್ತಾರೆ, ಒಂದು ದಿನದ ಕೂಲಿ ಜಾಸ್ತಿ ಕೊಡ್ತೀನಿ ಅನ್ನಿ, ಕೇಳ್ತಾರೆ. ಮತ್ತೆ ಮಗೂನ ಆ ವಾರ ಎಲ್ಲಾದ್ರೂ ಕಳಿಸಿ. ಮಧ್ಯಾಹ್ನ ಅವರಿಗೆ ಕೈ ತೊಳ್ಯೋಕೆ ಒಂದು ಸೋಪು, ಒಂದು ಒಗೆದ ಟವೆಲ್ ಇಡಿ ಅಕ್ಕ.

ತುಳಸಿಕಟ್ಟೆ

ಮಾತಾಡಿದೆ, ಒಪ್ಪಿದ್ರು, ಎರಡು ದಿನದ ಕೂಲಿ ಕೇಳಿದ್ರು. ಭಾನುವಾರ ಅವಳನ್ನ ಕರ್ಕೊಂಡು ಹಾಸನಕ್ಕೆ ಅಮ್ಮನ ಮನೆಗೆ ಹೊರಟಿದೀನಿ. ಸೋಪು ಟವೆಲ್ ಅತ್ತೆ ಹತ್ರ ಕೊಟ್ಟಿದೀನಿ. ಅಮ್ಮಂಗೆ ಫೋನ್ ಮಾಡಿ, ಹಿತ್ತಲ ಬಾಗಿಲಿಗೆ ಯಾವ ಬಣ್ಣ ಇದೆ ಅಂತ ಕೇಳಿದ್ದಕ್ಕೆ, ನಿಂಗೇನು ಹುಚ್ಚಾ ಅಂದ್ಲು. ಹಳದಿಯಂತೆ.